ಕಂಠೀರಾಯಿ ಹಣದ ಫೋಟೋ: ಆರು ಮಿಲಿಮೀಟರಿಗೆ ಫೋಕಸ್ ಹಿಡಿಸಿದ್ದು

ಸದ್ಯಕ್ಕೆ ನಾಣ್ಯದ ಮುಂಭಾಗ ಮುಗಿದಿದೆ, ಹಿಂಭಾಗ ಇನ್ನೂ ಆಟ ಆಡಿಸ್ತಾ ಇದೆ. ಮರೆತುಹೋಗೋ ಮುಂಚೆ ಏನೇನು ಮಾಡ್ದೆ, ಎಷ್ಟು ದುಡ್ಡು ಹೋಯ್ತು, ಯಾವುದು ಕೆಲಸಕ್ಕೆ ಬರ್ಲಿಲ್ಲ ಎಲ್ಲಾ ಬರೆದಿಡ್ತೀನಿ. ಇದೇ ಥರ ಚಿಕ್ಕ ವಸ್ತು ಇಟ್ಕೊಂಡು ಒದ್ದಾಡ್ತಿರೋರಿಗೆ ಅಂಗಡಿಗೆ ಹೋಗೋ ಮುಂಚೆ ಓದೋಕೆ ಇರ್ಲಿ.

ವಸ್ತು ಏನು ಅಂದ್ರೆ ಕಂಠೀರಾಯಿ ಹಣ. ರಣಧೀರ ಕಂಠೀರವ ನರಸರಾಜ ಒಡೆಯರು (1638-1659) ಶ್ರೀರಂಗಪಟ್ಟಣದಿಂದ ಆಳ್ತಿದ್ದಾಗ ಶುರುವಾದ ಚಿನ್ನದ ನಾಣ್ಯ, ಅದೇ ಮಾದರಿ ಆಮೇಲೂ ಬಹಳ ಕಾಲ ನಡೀತು. ಹತ್ತು ಹಣಕ್ಕೆ ಒಂದು ವರಹದ ಲೆಕ್ಕ. ಒಂದು ಕಡೆ ಯೋಗಾಸನದಲ್ಲಿ ಕೂತ ನರಸಿಂಹ, ಇನ್ನೊಂದು ಕಡೆ ನಾಗರಿ ಅಕ್ಷರದಲ್ಲಿ ಮೂರು ಸಾಲಾಗಿ ಶ್ರೀ ಕಂಠೀರವ. ಇದೆಲ್ಲಾ ಇರೋದು 6 ಮಿ.ಮೀ. ಅಗಲದೊಳಗೆ, ತೂಕ ಅರ್ಧ ಗ್ರಾಂ ಕೂಡ ಇಲ್ಲ. ನಮ್ಮ ದೊಡ್ಡಮ್ಮನ ದೇವರ ಪೆಟ್ಟಿಗೇಲಿ ಮೂರಿವೆ, ಮೂರು ಮಕ್ಕಳಿಗೆ ಒಂದೊಂದು ಹಂಚಿಬಿಡ್ತೀನಿ, ಅದಕ್ಕೆ ಮುಂಚೆ ಒಂದು ಒಳ್ಳೆ ಫೋಟೋ ತೆಗ್ದುಕೊಡು, ಗೋಡೆಗೆ ಹಾಕೋ ಸೈಜಲ್ಲಿ ಬೇಕು ಅಂದ್ರು. ಜೊತೆಗೆ ಒಂದು ಷರತ್ತು, "ತೊಳೀಬೇಡ ಕಣೋ, ಉಜ್ಜಲೂ ಬೇಡ". ನಾಣ್ಯ ಸಂಗ್ರಹ ಮಾಡೋರೂ ಇದನ್ನೇ ಹೇಳ್ತಾರೆ, ಹಾಗಾಗಿ ಜಗಳ ಇಲ್ಲ.

ಹಂತ 1: ಕೈಯಲ್ಲಿ ಇದ್ದಿದ್ರಲ್ಲೇ

ಮೊಬೈಲಿಗೆ ಸಿಗಿಸೋ ಕ್ಲಿಪ್ ಲೆನ್ಸ್ ಮನೇಲಿತ್ತು. ಮಧ್ಯ ಏನೋ ಕಾಣ್ಸುತ್ತೆ, ಅಂಚೆಲ್ಲಾ ಕಲಸಿದ ಹಾಗೆ, ಮೇಲಾಗಿ ಲೆನ್ಸು ನಾಣ್ಯಕ್ಕೆ ತಾಗೋ ಅಷ್ಟು ಹತ್ರ ಹೋಗ್ಬೇಕು, ಆಗ ಮೊಬೈಲಿನ ನೆರಳೇ ಬಿದ್ದು ಬೆಳಕಿಗೆ ಜಾಗ ಇಲ್ಲ. ಅಲ್ಲಿಗೆ ಅದನ್ನ ಬಿಟ್ಟೆ.

ಆಮೇಲೆ ಕ್ಯಾನನ್ ಡಿಎಸ್ಎಲ್ಆರ್, 24 ಮೆಗಾಪಿಕ್ಸೆಲ್, ಜೊತೆಗೆ ಬಂದ 18-55 ಕಿಟ್ ಲೆನ್ಸು. ಅದು ಎಷ್ಟೇ ಹತ್ರ ಹೋದ್ರೂ ವಸ್ತುವಿನ ಮೂರನೇ ಒಂದು ಭಾಗದಷ್ಟೇ ದೊಡ್ಡ ಬಿಂಬ ಸೆನ್ಸರ್ (ಕ್ಯಾಮೆರಾದೊಳಗೆ ಬಿಂಬ ಹಿಡಿಯೋ ಚಿಪ್) ಮೇಲೆ ಬೀಳ್ಸೋದು. ಅಂದ್ರೆ ನನ್ನ 6 ಮಿ.ಮೀ. ನಾಣ್ಯ ಸೆನ್ಸರ್ ಮೇಲೆ 2 ಮಿ.ಮೀ., ಪಿಕ್ಸೆಲ್ ಲೆಕ್ಕದಲ್ಲಿ ಐನೂರು ಚಿಲ್ಲರೆ. ಫೋಕಸ್ ಪರ್ಫೆಕ್ಟಾಗಿದ್ರೂ ಗೋಡೆ ಸೈಜಿಗೆ ಹಿಗ್ಗಿಸಿದ್ರೆ ಏನೂ ಉಳಿಯಲ್ಲ. ಇಲ್ಲಿ ಫೋಕಸ್ಸಿನದೇನೂ ತಪ್ಪಿಲ್ಲ, ಬಿಂಬವೇ ಚಿಕ್ಕದು. ತುಂಬಾ ಜನ ಈ ಜಾಗದಲ್ಲೇ ಆಟೋಫೋಕಸ್ಸನ್ನ ಬೈಕೊಂಡು ಕೂತಿರ್ತಾರೆ.

ನನ್ನ ಸೆನ್ಸರ್ 22.3 ಕ್ಕೆ 14.9 ಮಿ.ಮೀ. ನಾಣ್ಯ ಫ್ರೇಮ್ ತುಂಬಾ ಬರ್ಬೇಕು ಅಂದ್ರೆ ಸೆನ್ಸರ್ ಮೇಲಿನ ಬಿಂಬ ನಾಣ್ಯದ 2 ಪಟ್ಟು ಇರ್ಬೇಕು, ಆಗ ಫ್ರೇಮಿನ ಎತ್ತರಕ್ಕೆ 7.4 ಮಿ.ಮೀ. ಹಿಡಿಯುತ್ತೆ, 6 ಮಿ.ಮೀ. ನಾಣ್ಯ ಆರಾಮಾಗಿ ಕೂರುತ್ತೆ, ಅಡ್ಡಡ್ಡ 3200 ಪಿಕ್ಸೆಲ್ ಸಿಗುತ್ತೆ. ಹತ್ರದ ಫೋಟೋಗೇ ಅಂತ ಮಾಡಿರೋ ಸಾಮಾನ್ಯ ಮ್ಯಾಕ್ರೋ ಲೆನ್ಸುಗಳು 1 ಪಟ್ಟಿಗೆ ನಿಂತುಬಿಡ್ತವೆ. ಕ್ಯಾನನ್‌ದೇ ಎಂಪಿ-ಇ 65 ಅಂತ ಒಂದಿದೆ, 1 ರಿಂದ 5 ಪಟ್ಟು ಹೋಗುತ್ತೆ, ಅದರ ರೇಟಿಗೆ ದೊಡ್ಡಮ್ಮನ ಮೂರು ಹಣಾನೂ ಮಾರ್ಬೇಕಾಗುತ್ತೇನೋ.

ಹಂತ 2: ಎನ್ಲಾರ್ಜರ್ ಲೆನ್ಸು

ಬಸವನಗುಡಿ ಕಡೆ ಒಂದು ಹಳೇ ಸ್ಟುಡಿಯೋ ಮುಚ್ತಾ ಇತ್ತು, ಅವರ ಹತ್ರ ಕಪ್ಪು-ಬಿಳುಪು ಪ್ರಿಂಟ್ ಹಾಕೋ ಎನ್ಲಾರ್ಜರ್ ಧೂಳು ತಿಂತಾ ಕೂತಿತ್ತು. ನನಗೆ ಬೇಕಾಗಿದ್ದು ಅದರ ಲೆನ್ಸು, 50 ಮಿ.ಮೀ. ಎಫ್ 2.8 ಎಲ್-ನಿಕ್ಕೋರ್. ಕಂಬ, ಹಲಗೆ ಎಲ್ಲಾ ಸೇರಿಸಿ 3000 ಕೊಡಿ, ಬರೀ ಲೆನ್ಸು ಕೊಡಲ್ಲ ಅಂದ್ರು. ಆವಾಗ ಸ್ವಲ್ಪ ಹೊಟ್ಟೆ ಉರೀತು, ಆಮೇಲೆ ನೋಡಿದ್ರೆ ಲೆನ್ಸಿಗಿಂತ ಆ ಕಂಬವೇ ಜಾಸ್ತಿ ಉಪಯೋಗಕ್ಕೆ ಬಂತು.

ಈ ಲೆನ್ಸನ್ನ ತಿರುಗಿಸಿ ಹಾಕ್ಬೇಕು. ಎನ್ಲಾರ್ಜರಲ್ಲಿ ಚಿಕ್ಕ ನೆಗೆಟಿವ್ ಕಡೆಗಿದ್ದ ಮುಖ ಈಗ ಚಿಕ್ಕ ನಾಣ್ಯದ ಕಡೆಗೆ, ಕಾಗದದ ಕಡೆಗಿದ್ದ ಮುಖ ಕ್ಯಾಮೆರಾ ಕಡೆಗೆ. ಮುಂದಿನ ಫಿಲ್ಟರ್ ಥ್ರೆಡ್ 40.5 ಮಿ.ಮೀ., ಅದಕ್ಕೊಂದು 40.5 ರಿಂದ 52ರ ಸ್ಟೆಪ್ ರಿಂಗು (150), ಅದರ ಮೇಲೆ 52ರ ರಿವರ್ಸ್ ರಿಂಗು (250). ಅದೇ ಲೆನ್ಸಿನ ಹಳೇ ಮಾಡೆಲ್ಲಿಗೆ ಥ್ರೆಡ್ ಬೇರೆ ಅಳತೆ, ರಿಂಗು ಕೊಳ್ಳೋ ಮುಂಚೆ ಅಳೆದುಬಿಡಿ. ಕ್ಯಾಮೆರಾಗೂ ಲೆನ್ಸಿಗೂ ನಡುವೆ ಎಕ್ಸ್‌ಟೆನ್ಶನ್ ಟ್ಯೂಬು, ಬರೀ ಲೋಹದ್ದು, ಒಳಗೆ ಯಾವ ಕನೆಕ್ಷನ್ನೂ ಇಲ್ಲದ್ದು, ಸೆಟ್ಟಿಗೆ 450. ಒಂದು ಸೆಟ್ಟಲ್ಲಿ 7, 14, 28 ಮಿ.ಮೀ. ಉಂಗುರಗಳು. ಎರಡು ಸೆಟ್ ಬೇಕಾಯ್ತು. 50ರ ಲೆನ್ಸಿಗೆ 2 ಪಟ್ಟು ಬರ್ಬೇಕಾದ್ರೆ ಲೆನ್ಸಿಂದ ಸೆನ್ಸರಿಗೆ ಸುಮಾರು 150 ಮಿ.ಮೀ. ದೂರ ಬೇಕು, ಅದರಲ್ಲಿ 44 ಕ್ಯಾಮೆರಾ ಬಾಡಿಯೊಳಗೇ ಇದೆ, ಉಳಿದ ನೂರು ಚಿಲ್ಲರೆಗೆ ಎರಡು ಸೆಟ್ ಸರಿಹೋಗುತ್ತೆ.

ಲೆಕ್ಕ ನಂಬ್ಕೊಂಡು ಕೂರದೆ ಸ್ಟೀಲ್ ಸ್ಕೇಲಿನ ಫೋಟೋ ತೆಗೀರಿ. ಮೊದ್ಲು ಒಂದು ಉಂಗುರ ಕಮ್ಮಿ ಹಾಕಿದ್ದಕ್ಕೆ ಅಡ್ಡಕ್ಕೆ ಸುಮಾರು 13 ಮಿ.ಮೀ. ಕಾಣ್ತಿತ್ತು, 22.3 ನ ಅದರಿಂದ ಭಾಗಿಸಿದ್ರೆ 1.7 ಪಟ್ಟು. ಉಂಗುರ ಸೇರಿಸಿದ ಮೇಲೆ 11 ಬಂತು. ಸಾಕು.

ಹಂತ 3: ಡ್ರಾಯರ್ ಚಾನಲ್ (ಇದನ್ನ ಮಾಡ್ಬೇಡಿ)

2 ಪಟ್ಟಲ್ಲಿ ಲೆನ್ಸಿನ ಉಂಗುರ ತಿರುಗಿಸಿ ಫೋಕಸ್ ಮಾಡೋದು ಆಗಲ್ಲ, ಈ ಲೆನ್ಸಿಗಂತೂ ಆ ಉಂಗುರವೇ ಇಲ್ಲ. ಒಂದೋ ಕ್ಯಾಮೆರಾ ಹಿಂದೆ ಮುಂದೆ ಹೋಗ್ಬೇಕು, ಇಲ್ಲಾ ನಾಣ್ಯ. ಕ್ಯಾಮೆರಾ ಸರಿಸೋಣ ಅಂತ ಅಡುಗೆಮನೆ ಡ್ರಾಯರಿಗೆ ಹಾಕೋ ಬಾಲ್ ಬೇರಿಂಗ್ ಚಾನಲ್ 10 ಇಂಚಿನದ್ದು, ಒಂದು ಎಂ6 ಥ್ರೆಡ್ ರಾಡು, ನಟ್ಟು, ಪ್ಲೈವುಡ್ ತುಂಡು ಎಲ್ಲಾ 480 ಕ್ಕೆ ತಂದೆ. ಎಂ6 ರಾಡು ಒಂದು ಸುತ್ತು ತಿರುಗಿದ್ರೆ ಸರಿಯಾಗಿ 1 ಮಿ.ಮೀ. ಮುಂದೆ ಹೋಗುತ್ತೆ, ಸುತ್ತನ್ನ ಇಪ್ಪತ್ತು ಭಾಗ ಮಾಡಿದ್ರೆ ಒಂದೊಂದೂ 0.05 ಮಿ.ಮೀ., ಕಾಗದದ ಮೇಲೆ ಭಾರೀ ಚೆನ್ನಾಗಿತ್ತು.

ನಿಜದಲ್ಲಿ ಆಗಿದ್ದೇನಪ್ಪಾ ಅಂದ್ರೆ, ಚಾನಲ್ ಮುಂದೆ ಹೋಗೋದ್ರ ಜೊತೆಗೆ ಪಕ್ಕಕ್ಕೂ ಓಲಾಡುತ್ತೆ. ಡ್ರಾಯರಿಗೆ ಅದು ಲೆಕ್ಕಕ್ಕೇ ಇಲ್ಲ, ಇಲ್ಲಿ ಪ್ರತಿ ಸುತ್ತಿಗೂ ನಾಣ್ಯ ಫ್ರೇಮಿನ ಎಡಕ್ಕೆ ಒಂದ್ಸಲ ಬಲಕ್ಕೆ ಒಂದ್ಸಲ. ನಟ್ಟಿನ ಸಡಿಲದಿಂದ ಹಿಂದಕ್ಕೆ ತಿರುಗಿಸಿದಾಗ ಕಾಲು ಸುತ್ತು ಏನೂ ಆಗದೆ ಆಮೇಲೆ ತಟಕ್ಕನೆ ಜಿಗಿಯೋದು. ರಬ್ಬರ್ ಬ್ಯಾಂಡ್ ಕಟ್ಟಿ ಒಂದೇ ಕಡೆಗೆ ಎಳೆದು ಹಿಡ್ಸಿದ್ರೆ ಜಿಗಿಯೋದು ನಿಂತಿತು, ಓಲಾಟ ನಿಲ್ಲಲಿಲ್ಲ. ಇದರ ಮೇಲೆ ಎರಡು ಸೆಟ್ ಟ್ಯೂಬು ಅಡ್ಡಕ್ಕೆ ಚಾಚ್ಕೊಂಡಾಗ ಜಾಯಿಂಟುಗಳ ಸಡಿಲಕ್ಕೆ ಲೆನ್ಸಿನ ತುದಿ ಕೆಳಕ್ಕೆ ಜೋತುಬೀಳ್ತಿತ್ತು. ಚಾನಲ್ ಈಗ ನಮ್ಮ ಮಂಚದ ಕೆಳಗಿನ ಡಬ್ಬಕ್ಕೆ ಹೋಗಿದೆ.

ಹಂತ 4: ಕಂಬ ಮತ್ತು ಮೈಕ್ರೋಸ್ಕೋಪ್

ಅಡ್ಡ ಬೇಡ, ನೇರ ಮೇಲಿಂದ ಕೆಳಕ್ಕೆ ನೋಡೋಣ, ನಾಣ್ಯ ಮಲಗಿರ್ಲಿ ಅಂತ ತೀರ್ಮಾನ ಆಯ್ತು. ಎನ್ಲಾರ್ಜರಿನ ಮೇಲಿನ ತಲೆ ಬಿಚ್ಚಿ ತೆಗ್ದು, ತೋಳಿನ ತುದೀಲಿ ಕ್ಯಾಮೆರಾನ ಕೆಳಮುಖ ಮಾಡಿ ಹಾಕಿದೆ. ಟ್ಯೂಬುಗಳು ನೇರಕ್ಕೆ ತೂಗೋದ್ರಿಂದ ಜೋತುಬೀಳೋ ರಗಳೆ ತಾನಾಗೇ ಹೋಯ್ತು.

ಬೋಲ್ಟಿನ ವಿಷ್ಯ ಹೇಳ್ಬೇಕು. ಕ್ಯಾಮೆರಾ ತಳದ ತೂತು ಕಾಲಿಂಚು, ಇಂಚಿಗೆ 20 ಸುತ್ತಿನದ್ದು. ಹಾರ್ಡ್‌ವೇರ್ ಅಂಗಡೀಲಿ "ಎಂ6 ಕೊಡ್ಲಾ ಸಾರ್, ಎಲ್ಲಾ ಒಂದೇ" ಅಂತಾರೆ. ಒಂದೇ ಅಲ್ಲ. ಎಂ6 ಒಂದೆರಡು ಸುತ್ತು ಒಳಗೂ ಹೋಗುತ್ತೆ, ಆಮೇಲೆ ಬಿಗಿಯುತ್ತೆ, ಒತ್ತಿ ತಿರುಗಿಸಿದ್ರೆ ಕ್ಯಾಮೆರಾದ ಥ್ರೆಡ್ಡೇ ಹಾಳು. ಕಾಲಿಂಚು ವಿಟ್‌ವರ್ತ್ ಅಂತ ಹುಡುಕಿ ತಗೊಳ್ಳಿ, ಹಳೇ ಅಂಗಡಿಗಳಲ್ಲಿ ಈಗ್ಲೂ ಇಟ್ಟಿರ್ತಾರೆ, ವಾಷರ್ ಎಲ್ಲಾ ಸೇರಿ 60.

ಇನ್ನು ನಾಣ್ಯನ ಮೇಲೆ ಕೆಳಗೆ ಮಾಡೋದು. ಚಿಕ್ಕಪೇಟೆ ಹತ್ರದ ಭಾನುವಾರದ ಬಜಾರಲ್ಲಿ ಕಾಲೇಜು ಲ್ಯಾಬಿನ ಹಳೇ ಮೈಕ್ರೋಸ್ಕೋಪ್, ಲೆನ್ಸುಗಳು ಒಂದೂ ಇಲ್ಲ, ಬರೀ ಕಬ್ಬಿಣದ ಮೈ, 700 ಕ್ಕೆ ಸಿಕ್ತು. ಅವನು ಸಾವಿರ ಹೇಳಿದ್ದ, ಲೆನ್ಸೇ ಇಲ್ವಲ್ಲಪ್ಪ ಅಂದಿದ್ದಕ್ಕೆ ಇಳಿಸ್ದ, ಲೆನ್ಸು ನನಗೆ ಬೇಡವೇ ಬೇಡ ಅನ್ನೋದನ್ನ ನಾನು ಹೇಳ್ಲಿಲ್ಲ. ಕೊಳವೆ ತೆಗ್ದು, ಅದು ಕೂರ್ತಿದ್ದ ತೋಳಿಗೆ ಅಲ್ಯೂಮಿನಿಯಂ ಎಲ್ ಪಟ್ಟಿ ಬಿಗಿದೆ, ಅದರ ಮೇಲೆ ನಾಣ್ಯ. ಈಗ ಫೋಕಸ್ ತಿರುಪು ತಿರುಗಿಸಿದ್ರೆ ನಾಣ್ಯ ಎದ್ದು ಇಳಿಯುತ್ತೆ.

ತಂದಾಗ ತಿರುಪು ಕಲ್ಲಾಗಿತ್ತು, ಹಳೇ ಗ್ರೀಸು ಅಂಟಾಗಿ ಒಣಗಿ ಹೋಗಿತ್ತು. ಬಿಚ್ಚಿ ಸೀಮೆಎಣ್ಣೇಲಿ ಹಲ್ಲುಜ್ಜೋ ಬ್ರಷ್ಷಿಂದ ತಿಕ್ಕಿ, ಒರೆಸಿ, ಬಿಳಿ ಗ್ರೀಸು ತೆಳ್ಳಗೆ ಸವರಿದೆ. ಜಾಸ್ತಿ ಸವರಿದ್ರೆ ಮತ್ತೆ ತೊಂದ್ರೆ, ಯಾಕಂದ್ರೆ ಮೊದಲನೇ ಸಲ ಧಾರಾಳವಾಗಿ ಬಳಿದು ಕೂರಿಸಿದಾಗ ಪಟ್ಟಿ ಅದರಷ್ಟಕ್ಕೇ ನಿಧಾನಕ್ಕೆ ಜಾರಿ ಇಳೀತಾ ಇತ್ತು, ಫೋಕಸ್ ಮಾಡಿ ಕೈ ಬಿಟ್ರೆ ಲೈವ್ ವ್ಯೂನಲ್ಲಿ (ಕ್ಯಾಮೆರಾ ಸ್ಕ್ರೀನಲ್ಲಿ ನೇರವಾಗಿ ಕಾಣೋ ಚಿತ್ರದಲ್ಲಿ) ಕಣ್ಣೆದುರೇ ಮಸುಕಾಗೋದು. ಇದಕ್ಕೊಂದು ಉಪಾಯ ಇದೆ: ದೊಡ್ಡ ತಿರುಪಿನ ಎರಡು ಕಡೆ ಗುಬುಟುಗಳನ್ನ ಎರಡು ಕೈಲಿ ಹಿಡಿದು ಒಂದಕ್ಕೊಂದು ವಿರುದ್ಧವಾಗಿ ತಿರುಗಿಸಿದ್ರೆ ಬಿಗಿ ಹೆಚ್ಚಾಗುತ್ತೆ. ತುಂಬಾ ಹಳೇ ಮೈಕ್ರೋಸ್ಕೋಪುಗಳಲ್ಲಿ ಹೀಗೇ ಇರುತ್ತೆ. ಗ್ರೀಸು ಒರೆಸಿ, ಇದನ್ನೂ ಮಾಡಿದ್ಮೇಲೆ ಜಾರೋದು ನಿಂತಿತು.

ಚಿಕ್ಕ ತಿರುಪು ಹತ್ತು ಸುತ್ತು ತಿರುಗಿಸಿ ವರ್ನಿಯರ್ ಕ್ಯಾಲಿಪರಲ್ಲಿ ಅಳೆದ್ರೆ 2 ಮಿ.ಮೀ. ಅಂದ್ರೆ ಸುತ್ತಿಗೆ 0.2. ಆ ಗುಬುಟಿಗೆ ಒಂದು ಹಳೇ ಸಿಡಿ ಅರಾಲ್ಡೈಟಲ್ಲಿ ಅಂಟಿಸಿ, ಮೇಲೆ ಇಪ್ಪತ್ತು ಭಾಗದ ಚಕ್ರ ಬರೆದ ಕಾಗದ ಹಚ್ಚಿದೆ. ಒಂದು ಗೆರೆ ಅಂದ್ರೆ 0.01 ಮಿ.ಮೀ., ಸಿಡಿ ಅಂಚಲ್ಲಿ ಗೆರೆಗೂ ಗೆರೆಗೂ 19 ಮಿ.ಮೀ. ಅಂತರ, ಕನ್ನಡಕ ಇಲ್ಲದೆ ಕಾಣುತ್ತೆ. ಇಡೀ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟಿದ್ದು ಈ ಸಿಡಿ.

ಹಂತ 5: ಅಲುಗಾಟ

ಎಲ್ಲಾ ಕೂರಿಸಿ ತೆಗೆದ ಮೊದಲ ಫೋಟೋಗಳು ಕಿಟ್ ಲೆನ್ಸಿಗಿಂತ ಕೆಟ್ಟದಾಗಿ ಬಂದ್ವು. ಲೈವ್ ವ್ಯೂನಲ್ಲಿ ಗೆರೆ ಗೆರೆ ಕಾಣುತ್ತೆ, ಫೋಟೋದಲ್ಲಿ ಮಾಯ. ಲೆನ್ಸಲ್ಲಿ ಫಂಗಸ್ ಇದೆಯೇನೋ ಅಂತ ಟಾರ್ಚ್ ಬಿಟ್ಟು ನೋಡಿದೆ, ಸ್ವಲ್ಪ ಇತ್ತು ಕೂಡ, ಆದ್ರೆ ಕಾರಣ ಅದಲ್ಲ.

ನಾಣ್ಯದ ಜಾಗದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು ಲೈವ್ ವ್ಯೂ 10 ಪಟ್ಟು ಹಿಗ್ಗಿಸಿ ಸುಮ್ನೆ ನೋಡ್ತಾ ಕೂತೆ. ಗೆರೆ ನಡುಗ್ತಾ ಇದೆ! ಕೆಳಗೆ ರೋಡಲ್ಲಿ ಬಸ್ ಹೋದ್ರೆ ನಡುಗುತ್ತೆ, ಮೇಲಿನ ಮನೆಯೋರು ಗ್ರೈಂಡರ್ ಹಾಕಿದ್ರೆ ನಡುಗುತ್ತೆ, ನಮ್ಮ ಫ್ರಿಜ್ಜು ಶುರುವಾದ್ರೆ ನಡುಗುತ್ತೆ, ನಾನು ಮೊಸಾಯಿಕ್ ನೆಲದ ಮೇಲೆ ಕಾಲು ಬದಲಿಸಿದ್ರೂ ಮರದ ಮೇಜು ಅದನ್ನ ಹಾಗೇ ಮೇಲಕ್ಕೆ ಕಳಿಸುತ್ತೆ. 2 ಪಟ್ಟಲ್ಲಿ ನಾಣ್ಯ ನೂರರಲ್ಲೊಂದು ಮಿ.ಮೀ. ಅಲ್ಲಾಡಿದ್ರೂ ಫೋಟೋದಲ್ಲಿ ಐದು ಪಿಕ್ಸೆಲ್ ಬಳಿದುಹೋಗುತ್ತೆ. ಅಂದ್ರೆ ಇಷ್ಟೊತ್ತು ಫೋಕಸ್ ಇಲ್ಲ ಫೋಕಸ್ ಇಲ್ಲ ಅಂತ ನಾನು ಹೊಡೆದಾಡ್ತಿದ್ದುದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲುಗಾಟವೇ.

ಮೇಜು ಪೂರ್ತಿ ಅಲುಗದ ಹಾಗೆ ಮಾಡೋಕೆ ಆಗಲ್ಲ, ಬೇಕಾಗೂ ಇಲ್ಲ. ಕ್ಯಾಮೆರಾನೂ ನಾಣ್ಯನೂ ಒಟ್ಟಿಗೆ ಅಲುಗಿದ್ರೆ ಫೋಟೋಗೆ ಏನೂ ಆಗಲ್ಲ. ಒಂದು ಅಲುಗಿ ಇನ್ನೊಂದು ನಿಂತ್ರೇನೇ ಕಷ್ಟ. ನನ್ನ ಸೆಟ್ಟಪ್ಪಲ್ಲಿ ಕಂಬ ಎನ್ಲಾರ್ಜರ್ ಹಲಗೆ ಮೇಲೆ, ಮೈಕ್ರೋಸ್ಕೋಪ್ ಆ ಹಲಗೆ ಮೇಲೇ ಇದ್ರೂ ಬಿಗಿದಿರಲಿಲ್ಲ, ಹಲಗೆ ತಾನೇ ಬಗ್ತಿತ್ತು. ಅಡುಗೆಮನೆ ಕಟ್ಟೆಗೆ ಹಾಕಿ ಉಳಿದಿದ್ದ ಕಡಪಾ ಕಲ್ಲಿನ ತುಂಡು, ಎರಡಡಿಗೆ ಒಂದಡಿ, 20 ಮಿ.ಮೀ. ದಪ್ಪ, ಒಂಬತ್ತು ಕೆಜಿ ಮೇಲೆ ತೂಗುತ್ತೆ, ಅದಕ್ಕೆ ತೂತು ಹಾಕಿಸಿ ಕಂಬನೂ ಮೈಕ್ರೋಸ್ಕೋಪೂ ಎರಡನ್ನೂ ಅದೇ ಕಲ್ಲಿಗೆ ಬೋಲ್ಟ್ ಮಾಡಿದೆ. ಕಲ್ಲಿನ ಕೆಳಗೆ ಸ್ಕೂಟರಿನ ಹಳೇ ಟ್ಯೂಬು, ಪಂಕ್ಚರ್ ಹಾಕಿಸಿ (40), ಗಾಳಿ ಕಮ್ಮಿ, ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗೋಷ್ಟು. ಗಾಳಿ ಗಟ್ಟಿ ತುಂಬಿದ್ರೆ ಟ್ಯೂಬ್ ಹಾಕಿದ್ದೇ ದಂಡ, ಬಸ್ಸಿನ ನಡುಕ ನೇರ ಬರುತ್ತೆ.

ಕ್ಯಾಮೆರಾ ಹಿಡಿದ ತೋಳು ಕಂಬದಿಂದ ತುಂಬಾ ಮುಂದಕ್ಕೆ ಚಾಚಿತ್ತು, ಅದು ಇನ್ನೊಂದು. ಕ್ಯಾಮೆರಾನ ಕಂಬಕ್ಕೆ ಎಷ್ಟಾಗುತ್ತೋ ಅಷ್ಟು ಹತ್ರ ತಂದು, ಸಂದಿಗೆ ತೇಗದ ತುಂಡು ಹೊಡೆದೆ. ತಟ್ಟಿ ನೋಡಿದ್ರೆ ಮೊದಲು ಮೂರ್ನಾಲ್ಕು ಸೆಕೆಂಡ್ ನಡುಗ್ತಿದ್ದ ಗೆರೆ ಈಗ ಅಲ್ಲಲ್ಲೇ ನಿಲ್ಲುತ್ತೆ.

ಶಟರ್ ವಿಷ್ಯಕ್ಕೆ ಬಂದ್ರೆ, ಕಾಲು ಸೆಕೆಂಡಿಂದ ಅರವತ್ತರಲ್ಲೊಂದು ಸೆಕೆಂಡ್ ವರೆಗಿನ ಸ್ಪೀಡುಗಳೇ ಕೆಟ್ಟವು, ಕ್ಯಾಮೆರಾದ ಸ್ವಂತ ಕನ್ನಡಿ-ಶಟರ್ ಹೊಡೆತದ ನಡುಕ ಅಷ್ಟರಲ್ಲಿ ಪೂರ್ತಿ ರೆಕಾರ್ಡ್ ಆಗುತ್ತೆ. ಬೆಳಕು ಕಮ್ಮಿ ಮಾಡಿ 2 ಸೆಕೆಂಡ್ ಎಕ್ಸ್‌ಪೋಶರ್ ಕೊಟ್ರೆ ಆ ಹೊಡೆತದ ಪಾಲು ತುಂಬಾ ಚಿಕ್ಕದಾಗಿಬಿಡುತ್ತೆ. ಹಾಗಾಗಿ ಐಎಸ್ಓ 100, 2 ಸೆಕೆಂಡ್, ಕ್ಲಿಕ್ ಮಾಡೋದು ಲ್ಯಾಪ್‌ಟಾಪಿಂದ, ಕ್ಯಾನನ್ ಉಚಿತವಾಗಿ ಕೊಡೋ ಇಓಎಸ್ ಯುಟಿಲಿಟೀಲಿ. ಸಿಡಿ ಮುಟ್ಟಿದ ಮೇಲೆ ಹತ್ತು ಸೆಕೆಂಡ್ ಕೈಕಟ್ಟಿ ಕೂರೋದು. ಬಸ್ಸಿನ ಸದ್ದು ಕೇಳಿದ್ರೆ ಅದು ಹೋಗೋವರೆಗೂ ಕೂರೋದು. ಫ್ಲ್ಯಾಶ್ ಇದ್ದೋರಿಗೆ ಈ ತಲೆನೋವೇ ಇಲ್ಲ, ಕಮ್ಮಿ ಪವರಲ್ಲಿ ಅದು ಬೆಳಗೋದೇ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಕಮ್ಮಿ ಹೊತ್ತು, ನಡುಕಕ್ಕೆ ಟೈಮೇ ಸಿಗಲ್ಲ.

ಹಂತ 6: ಮಟ್ಟ

ಒಂದು ಕಡೆ ಚೂಪು, ಎದುರು ಕಡೆ ಮಸುಕು ಬರ್ತಿದ್ರೆ ನಾಣ್ಯ ಓರೆ ಅಂತ ಅರ್ಥ. ಬರೀ 3 ಡಿಗ್ರಿ ಓರೆ ಇದ್ರೂ 6 ಮಿ.ಮೀ. ಅಗಲಕ್ಕೆ 0.3 ಮಿ.ಮೀ. ಏರಿಳಿತ ಆಗುತ್ತೆ. ರಸಮಟ್ಟ ಇಟ್ಟು ನೋಡೋದು ಇಲ್ಲಿ ಸಾಲಲ್ಲ. ನಾಣ್ಯದ ಜಾಗದಲ್ಲಿ ಚಿಕ್ಕ ಕನ್ನಡಿ ಚೂರು ಇಟ್ಟು ಲೈವ್ ವ್ಯೂ ನೋಡಿದ್ರೆ ಲೆನ್ಸಿನ ಸ್ವಂತ ಬಿಂಬ ಮಸುಕಾದ ದುಂಡಾಗಿ ಕಾಣುತ್ತೆ. ಅದು ಫ್ರೇಮಿನ ಸರಿಯಾಗಿ ಮಧ್ಯಕ್ಕೆ ಬಂದ್ರೆ ಕ್ಯಾಮೆರಾನೂ ಪಟ್ಟಿನೂ ಸಮ. ನಂದು ಎಡಕ್ಕಿತ್ತು, ತೋಳಿನ ಬುಡಕ್ಕೆ ಇಸ್ಪೀಟ್ ಎಲೆ ಕತ್ತರಿಸಿ ಒಂದೊಂದೇ ತುರುಕಿ ಮಧ್ಯಕ್ಕೆ ತಂದೆ. ಖಾತ್ರಿಗೆ ನೂರರ ನೋಟಿನ ಅತಿಸಣ್ಣ ಅಕ್ಷರಗಳ ಭಾಗನ ಗಾಜಿನ ಕೆಳಗಿಟ್ಟು ತೆಗೆದೆ, ನಾಲ್ಕು ಮೂಲೇನೂ ಓದೋ ಹಾಗಿತ್ತು.

ನಾಣ್ಯ ತಾನೇ ಸಪಾಟಿಲ್ಲ, ಸ್ವಲ್ಪ ಬಟ್ಟಲ ಥರ ಬಾಗಿದೆ. ಮಕ್ಕಳ ಜೇಡಿಮಣ್ಣಿನ ಉಂಡೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದನ್ನ ಪೆನ್ನಿನ ಮುಚ್ಚಳದ ಮೇಲೆ ಕೂರಿಸಿ, ಅದರ ಮೇಲೆ ನಾಣ್ಯ. ಬರೀ ಜೇಡಿ ಮೇಲೆ ಇಟ್ರೆ ಎಣ್ಣೆ ಜಿಡ್ಡು ಹತ್ತುತ್ತೆ. ಹೀಗೆ ಎತ್ತರದಲ್ಲಿ ಕೂರಿಸಿದ್ರಿಂದ ಹಿನ್ನೆಲೆ ತುಂಬಾ ಕೆಳಗೆ ಉಳಿದು ಪೂರ್ತಿ ಕಪ್ಪಾಗಿ ಬರುತ್ತೆ, ಅದು ಬೋನಸ್ಸು.

ಹಂತ 7: ಯಾವ ಅಪರ್ಚರ್

ಅಪರ್ಚರ್ ಅಂದ್ರೆ ಲೆನ್ಸಿನೊಳಗಿನ ತೂತು, ಎಫ್ ನಂಬರ್ ಹೆಚ್ಚಿದಷ್ಟೂ ತೂತು ಚಿಕ್ಕದು. ಆಳ (ಚೂಪಾಗಿ ಬರೋ ದಪ್ಪ) ಜಾಸ್ತಿ ಬೇಕು, ಎಫ್ 16 ಇಡೋಣ ಅಂತ ಎಲ್ರೂ ಅಂದ್ಕೊಳ್ಳೋದೇ. ಹತ್ರದ ಫೋಟೋದಲ್ಲಿ ಬರೆದ ನಂಬರ್ ನಿಜವಾದ ನಂಬರ್ ಅಲ್ಲ. 2 ಪಟ್ಟಲ್ಲಿ ಅದನ್ನ ಮೂರರಿಂದ ಗುಣಿಸ್ಬೇಕು, ಎಫ್ 16 ಅನ್ನೋದು ಎಫ್ 48 ಆಗಿ ಕೂತಿರುತ್ತೆ, ಅಷ್ಟು ಚಿಕ್ಕ ತೂತಲ್ಲಿ ಬೆಳಕು ಹರಡಿ ಬಿಂಬ ಮಸುಕಾಗುತ್ತೆ. ತೆಗೆದು ನೋಡಿದೆ: ನಾಣ್ಯ ಪೂರ್ತಿ ಒಂದೇ ಸಮ ಮಸುಕು, ನರಸಿಂಹನ ಮುಖದ ಚುಕ್ಕೆಗಳು ಒಂದಕ್ಕೊಂದು ಕರಗಿ ಹೋಗಿದ್ವು. ಎಫ್ 8 ಸುಮಾರು. ಎಫ್ 5.6, ಎಫ್ 4 ಎರಡೂ ಚೂಪು, ಎಫ್ 4 ಒಂದು ಕೂದಲು ಮುಂದೆ. ಪೂರ್ತಿ ತೆರೆದ 2.8 ರಲ್ಲಿ ಹೊಳೆಯೋ ಜಾಗಗಳ ಸುತ್ತ ಮಂಜು. ಎಫ್ 4 ಗೆ ನಿಂತೆ. ಅದರಲ್ಲಿ ಚೂಪಾಗಿ ಸಿಗೋ ಆಳ ಹೆಚ್ಚಂದ್ರೆ 0.12 ಮಿ.ಮೀ., ಪಿಕ್ಸೆಲ್ ಹಿಗ್ಗಿಸಿ ನೋಡೋರಿಗೆ ಅದರ ಅರ್ಧ. ಒಂದೇ ಫೋಟೋದಲ್ಲಿ ನಾಣ್ಯ ಪೂರ್ತಿ ಸಿಗೋ ಮಾತೇ ಇಲ್ಲ, ಒಂದೊಂದು ಎತ್ತರಕ್ಕೆ ಫೋಕಸ್ ಮಾಡಿ ಪದರ ಪದರವಾಗಿ ತೆಗೆದು, ಪ್ರತಿಯೊಂದರ ಚೂಪು ಭಾಗ ಮಾತ್ರ ಎತ್ತಿ ಜೋಡಿಸ್ಬೇಕು. ಹೆಜ್ಜೆ 0.05, ಅಂದ್ರೆ ಸಿಡಿಯ ಐದು ಗೆರೆ.

ಹಂತ 8: ಬೆಳಕು, ಟ್ಯೂಬಿನ ಹೊಟ್ಟೆ

ಇಷ್ಟಾದ ಮೇಲೂ ಮಧ್ಯಭಾಗ ಒಂಥರಾ ಪೇಲವ. ಲೆನ್ಸು ತೆಗ್ದು ಟ್ಯೂಬಿನೊಳಗೆ ಬಗ್ಗಿ ನೋಡಿದ್ರೆ ಒಳಗಿನ ಕಪ್ಪು ಬಣ್ಣ ಬೆಳಕಿಗೆ ಫಳಫಳ ಅಂತಿದೆ. ಕಪ್ಪು ಚಾರ್ಟ್ ಪೇಪರ್ ಸುತ್ತಿ ಹಾಕಿದೆ, ಅದೂ ಓರೆ ಬೆಳಕಿಗೆ ಹೊಳೆಯುತ್ತೆ. ಬ್ಲೌಸ್ ಪೀಸ್ ಅಂಗಡೀಲಿ ಕಾಲು ಮೀಟರ್ ಕಪ್ಪು ವೆಲ್ವೆಟ್ (80) ತಂದು ಒಳಗೆ ಹಚ್ಚಿದೆ, ಪೇಲವ ಹೋಯ್ತು. ವೆಲ್ವೆಟ್ ಅಂಚನ್ನ ಫೆವಿಕಾಲಲ್ಲಿ ಮುಚ್ಚಿ, ಇಲ್ದಿದ್ರೆ ಎಳೆ ಉದುರಿ ಸೆನ್ಸರ್ ಮೇಲೆ ಕೂರುತ್ತೆ.

350 ರ ಎಲ್ಇಡಿ ಟೇಬಲ್ ಲ್ಯಾಂಪ್ ಎರಡು ತಂದು ಎರಡೂ ಕಡೆ ಸಮವಾಗಿ ಇಟ್ಟಿದ್ದೆ. ಫೋಕಸ್ ಸರಿಯಿದ್ರೂ ಫೋಟೋ ಸಪ್ಪೆ, ಉಬ್ಬು ತಗ್ಗು ಗೊತ್ತೇ ಆಗ್ತಿರ್ಲಿಲ್ಲ. ಕಣ್ಣಿಗೆ ಚೂಪು ಅಂತ ಅನಿಸೋದು ಉಬ್ಬಿನ ಪಕ್ಕದ ನೆರಳಿಂದ. ಹಾಗಂತ ಒಂದೇ ಲ್ಯಾಂಪನ್ನ ನೇರ ಬಿಟ್ರೆ ಚಿನ್ನ ಅಲ್ಲಲ್ಲಿ ಬೆಳ್ಳಗೆ ಸುಟ್ಟ ಹಾಗೆ ಬರುತ್ತೆ, ಫೋಕಸ್ ತಪ್ಪಿದ ಪದರಗಳಲ್ಲಿ ಆ ಬಿಳಿ ಚುಕ್ಕೆಗಳು ದುಂಡಗೆ ಊದಿಕೊಳ್ತವೆ, ಜೋಡಿಸೋ ಸಾಫ್ಟ್‌ವೇರು ಆ ದುಂಡನ್ನೇ ವಿವರ ಅಂದ್ಕೊಂಡು ಎತ್ತಿಕೊಳ್ಳುತ್ತೆ. ಕೊನೆಗೆ ನಾಣ್ಯದ ಸುತ್ತ ಬಟರ್ ಪೇಪರಿನ ಕೊಳವೆ, ಎಡ-ಮೇಲ್ಗಡೆಗೆ ಒಂದು ಪದರ, ಬಲಕ್ಕೆ ಮೂರು ಪದರ, ಆಚೆ ಎರಡೂ ಲ್ಯಾಂಪು. ಬೆಳಕು ಮೆದು, ಆದ್ರೆ ಎಡದಿಂದ ಜೋರು. ಇದು ಸರಿ ಬಂತು.

ಹಂತ 9: ಪದರ ಜೋಡಿಸಿದ್ದು

ನಾಣ್ಯದ ಅತಿ ಎತ್ತರದ ಜಾಗ, ಅಂದ್ರೆ ನರಸಿಂಹನ ಮಂಡಿ, ಅದಕ್ಕಿಂತ ಸ್ವಲ್ಪ ಮೇಲಿಂದ ಶುರು ಮಾಡಿ ಅಂಚಿನ ತಳದವರೆಗೆ, ಯಾವಾಗ್ಲೂ ಒಂದೇ ದಿಕ್ಕಲ್ಲಿ. ಮಧ್ಯದಲ್ಲಿ ಹಿಂದೆ ಮುಂದೆ ತಿರುಗಿಸಿದ್ರೆ ತಿರುಪಿನ ಸಡಿಲ ಸೇರಿಕೊಂಡು ಲೆಕ್ಕ ತಪ್ಪುತ್ತೆ. 0.9 ಮಿ.ಮೀ. ಗೆ ಇಪ್ಪತ್ತರ ಹತ್ರ ಫೋಟೋ. ಒಂದ್ಸಲ ಐದರ ಬದಲು ಹತ್ತು ಗೆರೆ ದಾಟಿಸಿಬಿಟ್ಟಿದ್ದೆ, ಜೋಡಿಸಿದ ಮೇಲೆ ನಾಣ್ಯದ ಸುತ್ತ ಉಂಗುರದ ಥರ ಒಂದು ಮಸುಕು ಪಟ್ಟೆ, ಅದೊಂದು ಸೆಟ್ ಪೂರ್ತಿ ಬಿಸಾಕಿದೆ. ಇನ್ನೊಂದು ಸೆಟ್ಟಲ್ಲಿ ಕರೆಂಟ್ ಹೋಯ್ತು, ಯುಪಿಎಸ್ ಮೇಲೆ ಲ್ಯಾಂಪ್ ಬೆಳಕು ಸ್ವಲ್ಪ ಬೇರೆ, ಅರ್ಧ ನಾಣ್ಯ ಹಳದಿ ಅರ್ಧ ಬಿಳಿ.

ಸಾಫ್ಟ್‌ವೇರಿಗೆ ಝೆರೀನ್ ಸ್ಟ್ಯಾಕರ್, ಹೆಲಿಕಾನ್ ಫೋಕಸ್ ಅಂತ ದುಡ್ಡು ಕೊಟ್ಟು ತಗೊಳ್ಳೋವು ಇವೆ, ನಾನು ಬಳಸಿದ್ದು ಉಚಿತದ್ದು: ಹ್ಯೂಗಿನ್ ಅನ್ನೋ ಫೋಟೋ ಜೋಡಿಸೋ ಸಾಫ್ಟ್‌ವೇರ್ ಜೊತೆ ಬರೋ ಅಲೈನ್ ಇಮೇಜ್ ಸ್ಟ್ಯಾಕ್ (ಪದರಗಳನ್ನ ಒಂದರ ಮೇಲೊಂದು ಸರಿಯಾಗಿ ಕೂರಿಸೋಕೆ), ಆಮೇಲೆ ಎನ್‌ಫ್ಯೂಸ್ (ಅವನ್ನ ಒಂದು ಫೋಟೋ ಮಾಡೋಕೆ). ಎನ್‌ಫ್ಯೂಸಲ್ಲಿ ಎಕ್ಸ್‌ಪೋಶರ್ ವೇಟ್ ಸೊನ್ನೆ, ಸ್ಯಾಚುರೇಶನ್ ವೇಟ್ ಸೊನ್ನೆ, ಕಾಂಟ್ರಾಸ್ಟ್ ವೇಟ್ ಒಂದು, ಹಾರ್ಡ್ ಮಾಸ್ಕ್ ಆನ್. ಇದನ್ನ ಬದಲಾಯಿಸದೆ ಓಡಿಸಿದ್ರೆ ಎಲ್ಲಾ ಪದರಗಳ ಸರಾಸರಿ ಬಂದು ಒಂದೇ ಫೋಟೋಗಿಂತ ಮಸುಕಾಗುತ್ತೆ. ಅಲೈನ್ ಮಾಡುವಾಗ ಸೈಜು ಬದಲಾವಣೆ ಸರಿಪಡಿಸೋ ಆಯ್ಕೆ ಹಾಕಿ, ನಾಣ್ಯ ಲೆನ್ಸಿಂದ ದೂರ ಹೋದ ಹಾಗೆ ಬಿಂಬ ಕೂದಲೆಳೆಯಷ್ಟು ಚಿಕ್ಕದಾಗ್ತಾ ಹೋಗುತ್ತೆ. 16 ಬಿಟ್ ಟಿಫ್ ಒಂದೊಂದೂ 144 ಎಂಬಿ, ನನ್ನ 8 ಜಿಬಿ ಲ್ಯಾಪ್‌ಟಾಪ್ ಕೈ ಎತ್ತಿತು, ನಾಣ್ಯದ ಭಾಗ ಮಾತ್ರ ಕತ್ತರಿಸಿ ಕೊಟ್ಟ ಮೇಲೆ ಓಡ್ತು.

ಬಂದ ಫೋಟೋದಲ್ಲಿ ಮಡಚಿದ ಮಂಡಿಗಳ ಅಂಚು ಒಂದೊಂದೂ ಬಿಡಿಸಿ ಕಾಣುತ್ತೆ. ನಾಣ್ಯಕ್ಕಿಂತ ಅಚ್ಚು ದೊಡ್ಡದಿದ್ದು ಬಲಗಡೆ ಚಿತ್ರ ಅರ್ಧಕ್ಕೇ ಕತ್ತರಿಸಿಹೋಗಿದೆ, ಈ ಹಣಗಳಲ್ಲಿ ಅದು ಮಾಮೂಲು. ಮಂಡಿಯ ಕೆಳಗಿನ ಸಂದಿಯಲ್ಲಿ ಕೆಂಪು ಕಾಳುಗಳು, ಒಂದರ ಪಕ್ಕ ಒಂದು ಒತ್ತಾಗಿ ಕೂತಿವೆ, ಕೆಲವು ಕಡೆ ಹಳದಿಗೆ ತಿರುಗಿವೆ. ಧೂಳು ಅಂದ್ಕೊಂಡು ಊದೋ ಬಲ್ಬ್ ಹಿಡಿದಿದ್ದೆ. ದೊಡ್ಡಮ್ಮ ಲ್ಯಾಪ್‌ಟಾಪ್ ಹತ್ರ ಬಗ್ಗಿ, "ಅಯ್ಯೋ, ನಮ್ಮತ್ತೆ ಇಡ್ತಿದ್ದ ಕುಂಕುಮ ಕಣೋ ಅದು, ಮುಟ್ಬೇಡ" ಅಂದ್ರು. ಹಾಗೇ ಬಿಟ್ಟೆ.

ಖರ್ಚು

ಎನ್ಲಾರ್ಜರ್ 3000, ಟ್ಯೂಬ್ ಎರಡು ಸೆಟ್ 900, ಎರಡು ರಿಂಗು 400, ಮೈಕ್ರೋಸ್ಕೋಪ್ 700, ಬೋಲ್ಟು 60, ಪಂಕ್ಚರ್ 40, ವೆಲ್ವೆಟ್ 80, ಲ್ಯಾಂಪ್ 700, ದಂಡ ಆದ ಚಾನಲ್ 480. ಒಟ್ಟು 6360. ಕಲ್ಲು, ಸಿಡಿ, ಇಸ್ಪೀಟ್ ಎಲೆ, ಕನ್ನಡಿ ಮನೇದೇ. ಕಲ್ಲಿಗೆ ತೂತು ಹಾಕಿದೋನು ಪರಿಚಯದವನು, ಕಾಫಿಗೆ ಮುಗೀತು.

ಉಳಿದಿರೋದು

ಹಿಂಭಾಗ ಮೇಲೆ ಮಾಡಿ ಇಟ್ರೆ ಬಟ್ಟಲು ಬೋರಲಾಗುತ್ತೆ, ನಾಗರಿ ಅಕ್ಷರಗಳು ಇಳಿಜಾರಿನ ಮೇಲೆ ಬರ್ತವೆ. ಶ್ರೀ ಚೂಪಾಗಿದೆ, ಕೊನೇ ಸಾಲಿನ ವ ಮಾತ್ರ ಜೋಡಿಸಿದ ಮೇಲೂ ಅಂಚಲ್ಲಿ ಬಿಳಿ ಪ್ರಭೆ ಹಿಡ್ಕೊಳ್ತಿದೆ. ಆ ಜಾಗದಲ್ಲಿ ಹೆಜ್ಜೆನ ಐದು ಗೆರೆಯಿಂದ ಮೂರಕ್ಕೆ ಇಳಿಸಿ, ಬಲಗಡೆ ಬಟರ್ ಪೇಪರ್ ಒಂದು ಪದರ ಕಿತ್ತು ನೋಡ್ತೀನಿ. ಅದಕ್ಕೂ ಬಗ್ಗದಿದ್ರೆ ಆ ಒಂದು ಅಕ್ಷರದ ಭಾಗನ ಒಂಟಿ ಫ್ರೇಮಿಂದ ಎತ್ತಿ ಕೈಯಲ್ಲೇ ಅಂಟಿಸೋದು. ಮೇಲಿನ ಮನೆಯೋರು ಭಾನುವಾರ ಊರಿಗೆ ಹೋಗ್ತಾರಂತೆ, ಗ್ರೈಂಡರ್ ಇರಲ್ಲ, ಅವತ್ತೇ ಮಾಡೋದು.